ಒಲೆಯ ಮುಂದಿನ ಮುಖ

"ಅಕ್ಕಾರೆ, ಕೆನ್ನೆಗೆ ಮಸಿ ಹತ್ತೈತೆ, ಒರೆಸ್ಕಳ್ರಿ," ಎಂದರು ರೊಟ್ಟಿ ಒಯ್ಯಲು ಬಂದ ಖಾನಾವಳಿಯವರು.

ಸೆರಗಿನಿಂದ ಒರೆಸಿಕೊಂಡೆ. ಹೋಗಲಿಲ್ಲ. ಸೋಪು ಹಚ್ಚಿ ತೊಳೆದೆ. ಹೋಗಲಿಲ್ಲ.

ಅದು ಮಸಿಯಲ್ಲ.

ನಾನು ಜಗಳೂರಿನಲ್ಲಿ ಜೋಳದ ರೊಟ್ಟಿ ಮಾಡಿ ಮಾರುವವಳು. ಬೆಳಗಾದರೆ ಸೌದೆ ಒಲೆ, ದೊಡ್ಡ ಹಂಚು, ನಾನು. ಕೆಲವೇ ತಿಂಗಳಲ್ಲಿ ಎರಡೂ ಕೆನ್ನೆ, ಹಣೆ, ಮೇಲ್ದುಟಿಯ ಮೇಲೆಲ್ಲ ಕಂದು ಕಲೆ ಹರಡಿತು. ನಮ್ಮ ಕಡೆ ಇದಕ್ಕೆ ಬಂಗು ಅನ್ನುತ್ತಾರೆ. ಹೇಳುವವರಿಗೇನು ಕಡಿಮೆ? ನಿಂಬೆರಸ ಎಂದರು, ಜಾಯಿಕಾಯಿ ತೇಯ್ದು ಹಚ್ಚು ಎಂದರು. ಎಲ್ಲವನ್ನೂ ಹಚ್ಚಿದೆ. ಯಾರೋ ಹೇಳಿದ ಕ್ರೀಮನ್ನೂ ಹಚ್ಚಿದೆ. ಮೊದಲು ಬೆಳ್ಳಗಾಯಿತು, ಆಮೇಲೆ ಉರಿ ಹತ್ತಿ ಮೊದಲಿಗಿಂತ ಕಪ್ಪಾಯಿತು.

ಹೊನ್ನಾಳಿಯಲ್ಲಿ ಬಸುರಿ ತಂಗಿಯ ಕುಬಸ, ಅಂದರೆ ಸೀಮಂತ. ಎಲ್ಲರಿಗೂ ಅರಿಶಿನ ಹಚ್ಚುತ್ತ ಬಂದ ಹೆಂಗಸು ನನ್ನ ಕೆನ್ನೆಯ ಹತ್ತಿರ ತಂದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

ಅಂಟೀತು ಎಂಬ ಭಯ.

ಅವತ್ತಿನಿಂದ ಎಲ್ಲಿಗೂ ಹೋಗಲಿಲ್ಲ. ಸಂತೆಗೂ ಇಲ್ಲ. ಸಾಯುವ ಕಾಯಿಲೆಯೇನಲ್ಲ, ನಿಜ. ಆದರೆ ಜನರೆದುರು ಮುಖ ಎತ್ತಲಾಗದೆ ಬದುಕುವುದು ಎಂಥ ಸಂಕಟವೆಂದು, ಕನ್ನಡಿಗೆ ಬೆನ್ನು ಹಾಕಿ ತಲೆ ಬಾಚಿಕೊಂಡವರಿಗೇ ಗೊತ್ತು.

ಯಜಮಾನರು ಹಟ ಹಿಡಿದು ದಾವಣಗೆರೆಗೆ ಕರೆದೊಯ್ದರು. ಸ್ಕಿನ್ ಡಾಕ್ಟರಮ್ಮ ಲೈಟು ಬಿಟ್ಟು ನೋಡಿ ಮೆಲಾಸ್ಮಾ ಎಂದರು. ಯಾರಿಗೂ ಅಂಟುವುದಿಲ್ಲ ಎಂದರು. ಆ ಒಂದು ಮಾತಿಗೇ ನನ್ನ ಕಣ್ಣು ತುಂಬಿತು. ಕೆಲವು ತಿಂಗಳು ಮುಲಾಮು, ಸನ್‌ಸ್ಕ್ರೀನ್. ಆಮೇಲೆ ಲೇಸರ್. ಮರಗಟ್ಟಿಸುವ ಕ್ರೀಮು ಹಚ್ಚಿ ಕಣ್ಣಿಗೆ ಕನ್ನಡಕ ಹಾಕಿದರು. ಒಗ್ಗರಣೆಯ ಸಾಸಿವೆ ಸಿಡಿದಂತೆ ಕೆನ್ನೆ ಚುರುಗುಟ್ಟಿತು. ಬಿಸಿಲಿಗೆ ಹೋಗಬೇಡಿ ಎಂದು ಒತ್ತಿ ಹೇಳಿ ಕಳಿಸಿದರು.

ಹೋಗಲಿಲ್ಲ. ಬಟ್ಟೆ ಒಣಹಾಕಲೂ ಅಂಗಳಕ್ಕೆ ಇಳಿಯಲಿಲ್ಲ. ಮನೆಯೊಳಗೇ ಇದ್ದೆ, ಒಲೆಯ ಮುಂದೆ.

ಲೇಸರ್‌ನ ಮುಂದಿನ ಸಿಟ್ಟಿಂಗಿನ ಹೊತ್ತಿಗೆ ಕಲೆ ಇನ್ನಷ್ಟು ಗಾಢವಾಗಿತ್ತು.

ನನ್ನ ಸಿಟ್ಟು ನೆತ್ತಿಗೇರಿತು. ಡಾಕ್ಟರ ಮೇಲೆ ರೇಗಿಯೇಬಿಟ್ಟೆ. ಅವರು ಬೇಸರಪಡದೆ, ದಿನವಿಡೀ ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಬಿಸಿಲು ಮಾತ್ರ ಅಲ್ಲಮ್ಮ, ಒಲೆ ಶಾಖಾನೂ ಇದಕ್ಕೆ ಆಗೋದಿಲ್ಲ. ನಾನೇ ಮೊದಲು ಕೇಳಬೇಕಿತ್ತು."

ಒಲೆ ಬಿಟ್ಟರೆ ರೊಟ್ಟಿ ಎಲ್ಲಿಂದ ಬರಬೇಕು? ರೊಟ್ಟಿ ನನ್ನ ದುಡಿಮೆ, ಊರಲ್ಲಿ ನನಗಿರುವ ಹೆಸರೇ ಅದು. ಮುಖ ಉಳಿಸಿಕೊಳ್ಳಲೋ, ಒಲೆ ಉಳಿಸಿಕೊಳ್ಳಲೋ? ವಾಪಸ್ ಬರುವಾಗ ಬಸ್ಸಿನಲ್ಲಿ ಸೆರಗು ಮುಚ್ಚಿಕೊಂಡು ಅತ್ತುಬಿಟ್ಟೆ.

ಮನೆಯಲ್ಲಿ ಅತ್ತೆ ಇದ್ದರು. ಅವರ ಬಾಯಿ ಓಣಿಗೆಲ್ಲ ಗೊತ್ತು. ಮುಖಕ್ಕೂ ಲೇಸರ್ ಹೊಡೆಸುವ ಕಾಲ ಬಂತಲ್ಲ ಎಂದು ಆಡಿಕೊಂಡವರು. ಬೈಸಿಕೊಳ್ಳಲು ತಯಾರಾಗಿಯೇ ಶಾಖದ ವಿಷಯ ಹೇಳಿದೆ. ಅವರು ತಮ್ಮ ಕೆನ್ನೆ ಮುಟ್ಟಿಕೊಂಡರು.

"ಹಂಗಾದ್ರೆ ನಂದೂ ಇದೇ ಏನು?"

ಲೈಟು ಹಾಕಿ ನೋಡಿದೆ. ಸುಕ್ಕುಗಳ ನಡುವೆ, ನನಗಿದ್ದ ಜಾಗದಲ್ಲೇ, ಅದೇ ಕಲೆ. ಅತ್ತೆಯ ಮೈಬಣ್ಣವೇ ಅಷ್ಟು ಎಂದುಕೊಂಡಿದ್ದೆವು. ಈ ಒಲೆ ನನಗಿಂತ ಮೊದಲು ಅವರದು. ಇಷ್ಟು ವರ್ಷ ಎದುರುಬದುರು ಕೂತು ಉಂಡಿದ್ದೇವೆ. ಒಬ್ಬರೂ ಆ ಮುಖವನ್ನು ನೋಡಿರಲಿಲ್ಲ. ನನಗೆ ನಾಚಿಕೆಯಾಯಿತು.

"ನೀನು ಒಳಗೆ ಕುಂತು ತಟ್ಟು. ಬೇಯ್ಸಾಕೆ ನಾನಿದೀನಿ," ಎಂದರು ಅತ್ತೆ. "ನನಗಿನ್ಯಾರು ಅರಿಶಿಣ ಹಚ್ಚಾಕೆ ಬರ್ತಾರೆ?"

ಅವರೊಬ್ಬರನ್ನೇ ಒಲೆಗೆ ಬಿಡಲು ನಾನು ಒಪ್ಪಲಿಲ್ಲ. ಯಜಮಾನರು ಒಲೆಯನ್ನು ಗಾಳಿಯಾಡುವ ಹಿತ್ತಿಲ ಚಪ್ಪರಕ್ಕೆ ಸಾಗಿಸಿ, ತಾವೇ ಹಂಚಿನ ಮುಂದೆ ಕುಳಿತರು. ಅವರಿಗೆ ಸಾಕಾದಾಗ ಮಾತ್ರ ಅತ್ತೆ. ಸೀದ ರೊಟ್ಟಿ ಯಾರದೆಂದು ಖಾನಾವಳಿಯವರು ನೋಡಿದ ಕೂಡಲೇ ಹೇಳಿ ನಗುತ್ತಾರೆ.

ಲೇಸರ್ ಮುಂದುವರಿಯಿತು. ಕಲೆ ಈಗ ತಿಳಿಯಾಗಿದೆ, ಪೂರ್ತಿ ಹೋಗಿಲ್ಲ. ಮರಳಿ ಬಂದರೂ ಬರಬಹುದು ಎಂದಿದ್ದಾರೆ ಡಾಕ್ಟರು. ಬರಲಿ, ನೋಡೋಣ. ತಂಗಿಯ ಮಗನ ಜವಳಕ್ಕೆ ಮುಖ ಎತ್ತಿಕೊಂಡೇ ಹೋಗಿ ಬಂದೆ.

ಬೆಳಗ್ಗೆ ಸನ್‌ಸ್ಕ್ರೀನ್ ಹಚ್ಚಿಕೊಂಡ ಮೇಲೆ ಇನ್ನೊಂದಿಷ್ಟು ಹಿಂಡಿ ಅತ್ತೆಯ ಕೆನ್ನೆಗೂ ಹಚ್ಚುತ್ತೇನೆ. ಈ ವಯಸ್ಸಿನಲ್ಲಿ ಯಾರು ನೋಡಬೇಕಾಗಿದೆ ಎಂದು ಗೊಣಗುತ್ತಾರೆ. ಗೊಣಗುತ್ತಲೇ ಕಣ್ಣು ಮುಚ್ಚಿ ಮುಖ ಮುಂದೆ ಮಾಡುತ್ತಾರೆ.