ಮೈಲಿಗೆ ಹತ್ತದ ಥೈಲಿ

ಆಕಳ ಹೊಟ್ಟೆಯ ಚಿತ್ರವನ್ನು ನಾನು ಬೋರ್ಡಿನ ಮೇಲೆ ಬರೆದಷ್ಟು ಸಲ ಸೇಡಮ್ಮಿನಲ್ಲಿ ಬೇರೆ ಯಾರೂ ಬರೆದಿರಲಿಕ್ಕಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಬೆಳಕಿನ ಪಾಠ, ಆಮ್ಲದ ಪಾಠ ಎಲ್ಲ ಸರಿ, ಆದರೆ ನಾಲ್ಕು ಕೋಣೆಯ ಜಠರದ ಪಾಠ ಬಂತೆಂದರೆ ನನಗೆ ಹಬ್ಬ. ಅವಸರದಲ್ಲಿ ನುಂಗಿದ್ದನ್ನು ಆಮೇಲೆ ಸಾವಕಾಶ ಬಾಯಿಗೆ ತಂದು ಮೆಲುಕು ಹಾಕುವುದು ಹೇಗೆಂದು ನಾನೇ ದವಡೆ ಆಡಿಸಿ ತೋರಿಸುತ್ತಿದ್ದೆ. ಹಿಂದಿನ ಬೆಂಚಿನವರು ಬಿದ್ದು ಬಿದ್ದು ನಗುತ್ತಿದ್ದರು, ನಾನು ಸೀಮೆಸುಣ್ಣದ ತುಂಡು ಎಸೆಯುತ್ತಿದ್ದೆ. ನಿಜ ಹೇಳಬೇಕೆಂದರೆ ಆ ಹೊಟ್ಟೆಯೊಳಗೆ ಏನಿರುತ್ತದೆಂದು ನನಗೂ ಪುಸ್ತಕದಿಂದಷ್ಟೇ ಗೊತ್ತಿತ್ತು. ಅದನ್ನು ಕಣ್ಣಾರೆ ನೋಡುವ ದಿನ ಬರುತ್ತದೆಂದು, ಅದೂ ನಮ್ಮ ಪಕ್ಕದ ಮನೆಯ ಅಂಗಳದಲ್ಲೇ ಎಂದು, ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಅದಕ್ಕೆ ಮೊದಲು ಥೈಲಿಯ ಕಥೆ ಹೇಳಬೇಕು. ತೊಂಬತ್ತರ ದಶಕದಲ್ಲಿ ನಾನು ಮದುವೆಯಾಗಿ ಆ ಮನೆಗೆ ಬಂದಾಗ ಕಿರಾಣಿ ಅಂಗಡಿಗೆ ಹೋಗುವವರ ಕೈಯಲ್ಲಿ ಬಟ್ಟೆಯ ಚೀಲ ಇರುತ್ತಿತ್ತು, ಎಣ್ಣೆಗೆ ಡಬ್ಬಿ ಇರುತ್ತಿತ್ತು. ಸಕ್ಕರೆಯನ್ನು ಹಳೆಯ ಪೇಪರಿನಲ್ಲಿ ಪುಡಿಕೆ ಕಟ್ಟಿ ಕೊಡುತ್ತಿದ್ದರು. ನೋಡನೋಡುತ್ತಲೇ ಪ್ಲಾಸ್ಟಿಕ್ಕಿನ ಕ್ಯಾರಿಬ್ಯಾಗು ಬಂತು, ನಮ್ಮ ಬಾಯಲ್ಲಿ ಅದು ಥೈಲಿ. ಅಬ್ಬಾ, ಆಗಿನ ನಮ್ಮ ಖುಷಿ! ಗುಲಾಬಿ, ಹಳದಿ, ನೀಲಿ ಥೈಲಿಗಳು. ಮೊದಮೊದಲು ಅವನ್ನು ತೊಳೆದು ಹಗ್ಗದ ಮೇಲೆ ಒಣಹಾಕಿ, ಮಡಚಿ ಹಾಸಿಗೆಯ ಕೆಳಗೆ ಇಡುತ್ತಿದ್ದೆವು. ಶಹಾಬಾದಿನ ಮದುವೆಗೆ ಹೋಗುವಾಗ ಬಟ್ಟೆ ಅಂಗಡಿಯ ದಪ್ಪ ಥೈಲಿಯಲ್ಲಿ ಸೀರೆ ಒಯ್ದರೆ ಅದೊಂದು ಠೀವಿ. ಆಮೇಲೆ ಎರಡು ಹಸಿಮೆಣಸಿನಕಾಯಿಗೂ ಒಂದು ಥೈಲಿ ಕೊಡಲು ಸುರುಮಾಡಿದರು. ತೊಳೆಯುವುದು ನಿಂತಿತು, ಎಸೆಯುವುದು ಸುರುವಾಯಿತು.

ಎಸೆದದ್ದು ಎಲ್ಲಿ ಹೋಯಿತು? ಎಲ್ಲಿಯೂ ಹೋಗಲಿಲ್ಲ. ನಾಲವಾರದಿಂದ ವಾಡಿಗೆ ಪ್ಯಾಸೆಂಜರ್ ಗಾಡಿಯಲ್ಲಿ ಬರುವಾಗ ಹಳಿಯ ಪಕ್ಕದ ಜಾಲಿಗಿಡಗಳ ತುಂಬ ಥೈಲಿಗಳು ಸಿಕ್ಕಿಕೊಂಡು ಪಟಪಟ ಬಡಿದುಕೊಳ್ಳುತ್ತಿದ್ದವು. ಶಾಲೆಯ ಮಕ್ಕಳನ್ನು ಚಿಂಚೋಳಿಯ ಕಾಡಿಗೆ ಪ್ರವಾಸಕ್ಕೆ ಕರೆದುಕೊಂಡು ಹೋದಾಗ ಒಂದು ಮಂಗ ಚುರುಮುರಿಯ ಥೈಲಿಯೊಳಗೆ ಮೂತಿ ತೂರಿಸಿ, ಅದು ಬಿಡಿಸಲು ಬಾರದೆ, ಕೊಂಬೆಯಿಂದ ಕೊಂಬೆಗೆ ಕುರುಡಾಗಿ ಹಾರುತ್ತಿತ್ತು. ಮಕ್ಕಳು ಕೇಕೆ ಹಾಕಿ ನಕ್ಕರು. ಕೊನೆಗೆ ಅದು ಹಲ್ಲಿನಿಂದ ಹರಿದುಕೊಂಡು ಪಾರಾಯಿತು. ನಾವು ಚಪ್ಪಾಳೆ ತಟ್ಟಿ ಬಸ್ಸು ಹತ್ತಿದೆವು.

ಇನ್ನು ನಮ್ಮ ಅತ್ತೆ. ಅವರ ಮಡಿ ಓಣಿಗೆಲ್ಲ ಹೆಸರುವಾಸಿ. ಬೆಳಗ್ಗೆ ತಣ್ಣೀರು ಸುರಿದುಕೊಂಡು, ಯಾರೂ ಮುಟ್ಟದಂತೆ ಒಣಗಿಸಿದ ಸೀರೆ ಉಟ್ಟು ಒಲೆಯ ಮುಂದೆ ನಿಂತರೆ, ದೇವರಿಗೆ ನೈವೇದ್ಯ ಆಗುವ ತನಕ ನಾನೂ ಅವರಿಂದ ನಾಲ್ಕು ಮಾರು ದೂರ. ನೈವೇದ್ಯವಾದ ಮೇಲೆ ಮೊದಲು ಗೋಗ್ರಾಸ, ಅಂದರೆ ಆಕಳ ತುತ್ತು. ಆಕಳು ಉಂಡ ಮೇಲೆಯೇ ಮನೆಯವರ ಊಟ. ಹಸಿವೆಯಿಂದ ಯಾರು ಎಷ್ಟೇ ಬಡಿದುಕೊಂಡರೂ ಅವರದು ಒಂದೇ ಮಾತು: ಮೊದಲು ಆಕಳು, ಆಮೇಲೆ ನಾವು.

ತೊಡಕು ಇದ್ದದ್ದು ಬಾಗಿಲಲ್ಲಿ. ಹೊಸ್ತಿಲು ದಾಟಿ ಓಣಿಗೆ ಇಳಿದರೆ ಮಡಿ ಕೆಡುತ್ತದೆ, ಮತ್ತೆ ಸ್ನಾನ. ಒಳಗಿನಿಂದಲೇ ಕಟ್ಟೆಯ ಮೇಲೆ ಚೆಲ್ಲಿದರೆ ಆಕಳಿಗಿಂತ ಮೊದಲು ನಾಯಿ, ಹಂದಿ ಹಾಜರು. ನನ್ನ ಕೈಗೋ ಪಕ್ಕದ ಮನೆಯವರ ಕೈಗೋ ಕೊಡೋಣವೆಂದರೆ ಮಡಿಯ ಅನ್ನವನ್ನು ಮೈಲಿಗೆಯ ಕೈ ಮುಟ್ಟುವಂತಿಲ್ಲ. ಎಷ್ಟೋ ವರ್ಷ ಹೊಯ್ದಾಡಿದ ಮೇಲೆ ಅತ್ತೆಗೆ ಒಂದು ದಿನ ಥೈಲಿ ಕಂಡಿತು.

“ಅರಿವಿ ಚೀಲಕ್ಕ ಮೈಲಿಗಿ ಅದ, ಯಾಕಂದ್ರ ನೀರು ಹೀರತದ,” ಅಂದರು ನನಗೆ. “ಇದು ಹನಿ ನೀರೂ ಹೀರಂಗಿಲ್ಲ. ಇದಕ್ಕ ಮೈಲಿಗಿ ಹ್ಯಾಂಗ ಹತ್ತತದ ಹೇಳು?”

ವಿಜ್ಞಾನದವಳಾದ ನನಗೆ ಆ ತರ್ಕ ಭಾರಿ ಮೆಚ್ಚುಗೆಯಾಯಿತು! ಅಂದಿನಿಂದ ಅನ್ನ, ಭಕ್ಕರಿಯ ತುಂಡು, ಹಬ್ಬವಿದ್ದರೆ ಹೋಳಿಗೆ, ಎಲ್ಲ ಥೈಲಿಯೊಳಗೆ. ಅದರ ಬಾಯಿಗೆ ಹಳೆಯ ಮಡಿಸೀರೆಯ ಹಸಿರು ಅಂಚಿನ ಚೂರಿನಿಂದ ಬಿಗಿಯಾಗಿ ಎರಡು ಗಂಟು. ಒಳಗೆ ಧೂಳು ಹೋಗಬಾರದು, ಇರುವೆ ಹೋಗಬಾರದು. ಹೊಸ್ತಿಲೊಳಗೆ ನಿಂತೇ ಕೈ ಚಾಚಿ ಬಾಗಿಲ ಹೊರಗಿನ ಗೂಟಕ್ಕೆ ಅದನ್ನು ತೂಗುಹಾಕುತ್ತಿದ್ದರು. ಪಕ್ಕದ ಮನೆಯ ಅಕ್ಕ ಬಂದು ಬಿಚ್ಚಿ, ಅನ್ನ ಮುಟ್ಟದೆ ತನ್ನ ಆಕಳ ಮುಂದೆ ಸುರಿಯುತ್ತಾಳೆಂಬುದು ಏರ್ಪಾಟು. ನಾಲ್ಕು ದಿನಗಳಲ್ಲಿ ಇಡೀ ಓಣಿ ಅದನ್ನೇ ಹಿಡಿಯಿತು. ಮಧ್ಯಾಹ್ನ ನೋಡಿದರೆ ಪ್ರತಿ ಬಾಗಿಲಿಗೂ ಒಂದು ಬಣ್ಣದ ಥೈಲಿ.

ಆ ಅಕ್ಕ ಲಿಂಗಾಯತರ ಮನೆಯವಳು. ಗಂಡ ಕುರಕುಂಟಾದ ಹೊಲ ನೋಡಿಕೊಂಡರೆ ಇವಳು ಊರಲ್ಲಿ ಆಕಳು ಕಟ್ಟಿ ಓಣಿಗೆಲ್ಲ ಹಾಲು ಹಾಕುತ್ತಿದ್ದಳು. ಆಕಳು ಕೆಂಪು, ಅದಕ್ಕೆ ಕೆಂದಿ ಅಂತಲೇ ಕರೆಯುತ್ತಿದ್ದೆವು. ಒಂದು ಕೋಡು ಸೊಟ್ಟ. ಗತ್ತು ನೋಡಬೇಕು ಅದರದು! ಮಧ್ಯಾಹ್ನವಾದರೆ ತಾನೇ ಕಣ್ಣಿ ಬಿಡಿಸಿಕೊಂಡು ಮನೆಮನೆಗೆ ಬರುತ್ತಿತ್ತು. ಅಕ್ಕ ಮನೆಯಲ್ಲಿದ್ದ ದಿನ ಥೈಲಿ ಬಿಚ್ಚುತ್ತಿದ್ದಳು. ಇಲ್ಲದ ದಿನ? ಸಂಜೆ ಗೂಟ ನೋಡಿದರೆ ಖಾಲಿ. ಅಕ್ಕ ಬಂದು ಬಿಚ್ಚಿ ಹಾಕಿ ಥೈಲಿ ಒಯ್ದಿದ್ದಾಳೆಂದು ಅತ್ತೆ ತಿಳಿದರು. ಅತ್ತೆ ಇವತ್ತು ತಾವೇ ತಿನ್ನಿಸಿ ಥೈಲಿ ಒಳಗೆ ಇಟ್ಟುಕೊಂಡಿದ್ದಾರೆಂದು ಅಕ್ಕ ತಿಳಿದಳು. ಹೀಗೆ ಒಬ್ಬರ ಮೇಲೊಬ್ಬರು ಭರವಸೆ ಇಟ್ಟು ಎಷ್ಟು ದಿನ ನಡೆಸಿದೆವೋ ದೇವರೇ ಬಲ್ಲ.

ಒಂದು ಬೇಸಿಗೆ ಕೆಂದಿ ಮೇವು ಬಿಟ್ಟಿತು. ಹಾಲು ಬತ್ತಿತು. ಎಡಗಡೆಯ ಹೊಟ್ಟೆ ಉಬ್ಬಿತ್ತು, ಬೆನ್ನ ಎಲುಬು ಮಾತ್ರ ಎದ್ದು ಕಾಣುತ್ತಿತ್ತು. ಅಕ್ಕ ದೃಷ್ಟಿ ತೆಗೆದಳು, ಅಜವಾನ ಬೆಲ್ಲ ಕುಟ್ಟಿ ಕುಡಿಸಿದಳು, ಎಣ್ಣೆ ಹೊಯ್ದಳು. ಬೇನೆ ಯಾವುದಕ್ಕೂ ಜಗ್ಗಲಿಲ್ಲ. ಒಂದು ಮುಂಜಾನೆ ನಮ್ಮ ಬಾಗಿಲಿಗೆ ಬಂದು ಸೆರಗು ಬಾಯಿಗಿಟ್ಟುಕೊಂಡು ನಿಂತಳು.

“ಬಾಯಾರ, ಕೆಂದಿ ಮೆಲುಕು ಹಾಕೂದು ಬಿಟ್ಟಾಳ. ನನ್ ಕಡಿ ನೋಡಿ ಕಣ್ಣಾಗ ನೀರು ತರಲಿಕತ್ತಾಳ.”

ಮೆಲುಕು ನಿಂತಿತೆಂದರೆ ಏನರ್ಥವೆಂದು ನನಗೆ ಗೊತ್ತಿತ್ತು. ಪಶು ಆಸ್ಪತ್ರೆಯ ಡಾಕ್ಟರು ನಮ್ಮ ತಾಲೂಕಿನ ಮುಧೋಳದ ಕಡೆ ದನಗಳಿಗೆ ಸೂಜಿ ಹಾಕಲು ಹೋಗಿದ್ದಾರೆಂದು ತಿಳಿಯಿತು. ನಮ್ಮ ಮನೆಯವರನ್ನು ಆಫೀಸಿಗೆ ಹೋಗಬೇಡಿರೆಂದು ತಡೆದು, ಸ್ಕೂಟರ್ ಹೊರಗೆ ತೆಗೆಸಿ, ಮುಧೋಳಕ್ಕೆ ಓಡಿಸಿದೆ. ನಾನೂ ಶಾಲೆಗೆ ರಜೆ ಹೇಳಿ ಕಳಿಸಿದೆ. ಓಣಿಯ ತುದಿಗೆ ಹೋಗಿ ನಿಲ್ಲುವುದು, ಮತ್ತೆ ಅಂಗಳಕ್ಕೆ ಬರುವುದು, ಇದೇ ಕೆಲಸ. ಕೊನೆಗೆ ಸ್ಕೂಟರಿನ ಸದ್ದು ಕೇಳಿತು. ಹಿಂದೆ ಡಾಕ್ಟರು ಚರ್ಮದ ಬ್ಯಾಗನ್ನು ಎದೆಗೆ ಅವಚಿಕೊಂಡು ಕೂತಿದ್ದರು, ಮೈಯೆಲ್ಲ ಧೂಳು.

ಅವರು ಕೆಂದಿಯ ಎಡಪಕ್ಕೆಯನ್ನು ಮುಷ್ಟಿಯಿಂದ ಒತ್ತಿದರು. ಒತ್ತಿದ ಗುರುತು ಕಲಸಿಟ್ಟ ಹಿಟ್ಟಿನ ಮೇಲೆ ನಿಂತಂತೆ ನಿಂತಿತು. ಆಕಳು ಓಣಿಯಲ್ಲಿ ಏನೇನು ತಿನ್ನುತ್ತದೆಂದು ಕೇಳಿ, ಎದುರಿನ ಬಾಗಿಲುಗಳಿಗೆ ತೂಗುಬಿದ್ದ ಥೈಲಿಗಳನ್ನು ಒಮ್ಮೆ ನೋಡಿದರು.

“ಇದು ದೃಷ್ಟಿ ಅಲ್ರಿ, ಹೊಟ್ಟ್ಯಾಗ ಪ್ಲಾಸ್ಟಿಕ್ ತುಂಬ್ಯಾದ,” ಅಂದರು. “ಕೊಯ್ದು ತೆಗೀಬೇಕು. ಬದುಕ್ತದಂತ ನಾ ಮಾತು ಕೊಡಂಗಿಲ್ಲ.”

ನಮ್ಮ ಬಾಗಿಲಲ್ಲಿ ನೈವೇದ್ಯ ಮುಗಿಸಿ, ಆ ದಿನದ ಥೈಲಿ ಕೈಯಲ್ಲಿ ಹಿಡಿದು ಅತ್ತೆ ನಿಂತಿದ್ದರು. ಅವರಿಗೆ ಎಲ್ಲ ಕೇಳಿಸಿತು. ಥೈಲಿ ಗೂಟಕ್ಕೆ ಹೋಗಲಿಲ್ಲ. ಗೋವಿನ ಜೀವ ಹೋದರೆ ಅದರ ಪಾಪ ಯಾರ ತಲೆಗೆ ಬರುತ್ತದೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಊಟಕ್ಕೆ ಕರೆದರೆ ತಲೆ ಅಲ್ಲಾಡಿಸಿ ಹೊಸ್ತಿಲೊಳಗೇ ಕುಳಿತರು.

ಅಕ್ಕನ ಅಂಗಳಕ್ಕೆ ಹಾಸಿದ ಪರಸಿ ಕಲ್ಲು ತೊಳೆದೆವು. ಕೆಂದಿಯನ್ನು ನಿಲ್ಲಿಸಿಯೇ ಎರಡು ಗೂಟಗಳ ನಡುವೆ ಕಟ್ಟಿದರು, ಪಕ್ಕೆಯ ಕೂದಲು ಬೋಳಿಸಿ, ಔಷಧ ಬಳಿದು, ಸೂಜಿ ಚುಚ್ಚಿ ಆ ಜಾಗ ಮರಗಟ್ಟಿಸಿದರು. ಓಣಿಯ ಜನವೆಲ್ಲ ಗೋಡೆಯ ಮೇಲೆ. ಬಕೆಟ್ ಹಿಡಿಯಲು ಯಾರಾದರೂ ಬೇಕೆಂದು ಡಾಕ್ಟರು ಅನ್ನುವುದೇ ತಡ, ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನು ಮುಂದೆ ನಿಂತಿದ್ದೆ. ಹೆದರಿಕೆ ಆಗಲಿಲ್ಲವೇ ಅಂದರೆ ಆಯಿತು. ಆದರೆ ಹುರುಪು ಅದಕ್ಕಿಂತ ದೊಡ್ಡದು. ಇಷ್ಟು ವರ್ಷ ಸೀಮೆಸುಣ್ಣದಲ್ಲಿ ಬರೆದದ್ದು ನನ್ನ ಮೂಗಿನ ಮುಂದೆ ತೆರೆಯಲಿತ್ತು!

ಚರ್ಮ ಬಿಚ್ಚಿತು. ಒಳಗೆ ಬಿಳಿಚಿದ ದೊಡ್ಡ ಚೀಲ, ಅದೇ ಮೊದಲನೆಯ ಕೋಣೆ. ಅದನ್ನು ಕೊಯ್ದಾಗ ಬಂದ ವಾಸನೆಗೆ ಗೋಡೆಯ ಮೇಲಿನ ಅರ್ಧ ಜನ ಕೆಳಗೆ ಜಿಗಿದರು. ಡಾಕ್ಟರು ಭುಜದ ತನಕ ಕೈ ಹಾಕಿದರು. ಮೊದಲು ಒಂದು ಗುಲಾಬಿ ಚೂರು ಬಂತು. ಎಳೆದರು, ಅದರ ಹಿಂದೆ ಹಳದಿ, ಅದರ ಹಿಂದೆ ಕರಿ, ಹಗ್ಗ ಹೊಸೆದಂತೆ ಒಂದಕ್ಕೊಂದು ಸುತ್ತಿಕೊಂಡು ಬರುತ್ತಲೇ ಇತ್ತು. ಅವರಿಗೆ ಕೈ ಸೋತಾಗ ನಾನೂ ಹಿಡಿದು ಜಗ್ಗಿದೆ. ಬಕೆಟ್ ತುಂಬಿತು. ಬುಟ್ಟಿ ತಂದರು, ಬುಟ್ಟಿಯೂ ತುಂಬಿತು. ಹಾಲಿನ ಪಾಕೀಟು, ಶಾಂಪೂ ಚೀಟಿ, ಬಟ್ಟೆ ಅಂಗಡಿಯ ಠೀವಿಯ ಥೈಲಿ. ಯಾರ ಮನೆಯದು ಯಾವುದೆಂದು ಗೋಡೆಯ ಮೇಲಿನವರು ಗುರುತಿಸತೊಡಗಿದರು, ಆಮೇಲೆ ತಮ್ಮದೂ ಬಂದಾಗ ಸುಮ್ಮನಾದರು. ನನಗೆ ಸಿಟ್ಟು ನೆತ್ತಿಗೇರಿತು. ಜಾಣರ ಓಣಿಯಂತೆ ಇದು! ಹೊಟ್ಟೆ ತುಂಬಿಸಿ ಆಕಳನ್ನು ಉಪವಾಸ ಕೊಂದೆವಲ್ಲ!

ಕೊನೆಯಲ್ಲಿ ಡಾಕ್ಟರ ಕೈಗೆ ಗಡ್ಡೆಯಂಥದ್ದೊಂದು ಸಿಕ್ಕಿತು. ತೆಗೆದು ನೋಡಿದರೆ ಹರಿಯದ ಇಡೀ ಥೈಲಿ. ಅದರ ಬಾಯಿಗೆ ಬಿಗಿಯಾಗಿ ಎರಡು ಗಂಟು. ನೀರು ಹೊಯ್ದು ತೊಳೆದೆ. ಗಂಟಿನ ಅರಿವೆ ಹಸಿರು ಅಂಚಿನದು.

ಬಚ್ಚಿಡಬೇಕೆಂದು ಕೈ ಹಿಂದೆ ಮಾಡಿದೆ. ಆದರೆ ಅತ್ತೆ ಅಷ್ಟರಲ್ಲೇ ಕಂಡಿದ್ದರು. ಹೊಸ್ತಿಲು ದಾಟಿ, ಓಣಿಗೆ ಇಳಿದು, ಅಷ್ಟು ಜನರ ನಡುವೆ ಮಡಿಸೀರೆಯಲ್ಲೇ ಬಂದು ನನ್ನ ಕೈಯಿಂದ ಥೈಲಿ ತೆಗೆದುಕೊಂಡರು. ಗಂಟು ಬಿಚ್ಚಲು ಹೋದರು, ಬಿಚ್ಚಲಾಗಲಿಲ್ಲ, ಅಷ್ಟು ಚೆನ್ನಾಗಿ ಕಟ್ಟಿದ್ದರು. ಒಳಗೆ ಅನ್ನ ಕಪ್ಪಾಗಿ ಮುದ್ದೆಯಾಗಿತ್ತು.

“ಮೈಲಿಗಿ ಮುಟ್ಟಬಾರದಂತ ಕಟ್ಟಿದ್ದೆ,” ಅಂದರು. “ಆಕಿಗೂ ಮುಟ್ಟಿಲ್ಲ. ಇಷ್ಟು ದಿನ ಆಕಿಗಿಂತ ಮೊದಲ ನಾನೇ ಉಂಡೀನಿ.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ಇಲ್ಲಿ ಬಾಯಿಗೆ ಬಂದು ಹೊಟ್ಟೆಗೂ ಇಳಿದ ತುತ್ತು ಆಕಳಿಗೆ ದಕ್ಕಿರಲಿಲ್ಲ. ಡಾಕ್ಟರು ತಲೆ ತಗ್ಗಿಸಿ ಹೊಲಿಗೆ ಹಾಕುತ್ತಾ ಹೋದರು. ಹೋಗುವಾಗ, ಮೆಲುಕು ಹಾಕಿದರೆ ಬದುಕಿತೆಂದು ತಿಳಿಯಿರಿ, ಅಲ್ಲಿಯ ತನಕ ನೀರು ಬಿಟ್ಟು ಏನನ್ನೂ ಕೊಡಬೇಡಿರಿ, ಆಮೇಲೆ ತೆಳ್ಳಗಿನ ಗಂಜಿಯಿಂದ ಸುರುಮಾಡಿರಿ ಎಂದು ಹೇಳಿ ಹೋದರು.

ಅತ್ತೆ ಸ್ನಾನ ಮಾಡಿ ಜಪಕ್ಕೆ ಕುಳಿತರು. ಊಟದ ಮಾತೆತ್ತಲು ನನಗೆ ಧೈರ್ಯ ಬರಲಿಲ್ಲ. ಮುಪ್ಪಿನ ಜೀವ, ಆಕಳ ಹಿಂದೆ ಇವರೂ ಬಿದ್ದರೆ ಏನು ಮಾಡುವುದೆಂದು ನಮ್ಮ ಮನೆಯವರು ಗಾಬರಿಯಾದರು. ಅಂದು ಓಣಿಯ ಯಾವ ಬಾಗಿಲಿಗೂ ಥೈಲಿ ತೂಗಲಿಲ್ಲ.

ಮರುದಿನ ಬೆಳಕು ಹರಿಯುವ ಹೊತ್ತಿಗೇ ಅಂಗಳಕ್ಕೆ ಓಡಿದೆ. ಅಕ್ಕ ಕೆಂದಿಯ ಬಳಿ ಗೋಣಿ ಹಾಸಿಕೊಂಡು ಕೂತಿದ್ದಳು. ಕೆಂದಿ ಕಿವಿ ಜೋತುಬಿಟ್ಟು ನಿಂತಿತ್ತು. ನಾನು ಅದರ ಮುಖದ ಮುಂದೆ ಕುಕ್ಕರಗಾಲಲ್ಲಿ ಕುಳಿತು ಗಂಟಲನ್ನೇ ನೋಡುತ್ತಿದ್ದೆ. ಸೂರ್ಯ ಗೋಡೆಯ ಮೇಲೆ ಬಂದ. ಶಾಲೆಯ ಗಂಟೆ ದೂರದಲ್ಲಿ ಬಾರಿಸಿತು, ಬಾರಿಸಲಿ ಅಂದುಕೊಂಡೆ. ಆಗ ಕತ್ತಿನಲ್ಲಿ ಒಂದು ಸಣ್ಣ ಗಂಟು ಕೆಳಗಿನಿಂದ ಮೇಲಕ್ಕೆ ಸರಿಯಿತು. ದವಡೆ ಒಮ್ಮೆ ಎಡಕ್ಕೆ ಹೋಯಿತು, ನಿಂತಿತು, ಮತ್ತೆ ಬಲಕ್ಕೆ ಬಂತು.

ನಾನು ಕೂಗಿದ ಕೂಗಿಗೆ ಓಣಿಯ ನಾಯಿಗಳೆಲ್ಲ ಎದ್ದು ಬೊಗಳಿದವು! ಅಕ್ಕ ನನ್ನನ್ನು ತಬ್ಬಿಕೊಂಡು ಅತ್ತಳು, ನಾನು ನಕ್ಕೆ, ಆಮೇಲೆ ನನಗೆ ಅಳು ಬಂತು, ಅವಳು ನಕ್ಕಳು. ಮಕ್ಕಳ ಮುಂದೆ ಸಾವಿರ ಸಲ ನಟಿಸಿದ ಮೆಲುಕು ಇಷ್ಟು ಚೆಂದ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ತಿರುಗಿ ನೋಡಿದರೆ ಅತ್ತೆ ಬರುತ್ತಿದ್ದರು. ಮಡಿಯಲ್ಲಿದ್ದರು, ಕೈಯಲ್ಲಿ ಗಂಜಿಯ ತಪ್ಪಲೆ. ಯಾವಾಗ ಎದ್ದು ಯಾವಾಗ ಮಾಡಿದರೋ. ಥೈಲಿ ಇರಲಿಲ್ಲ. ಅಕ್ಕನ ಮುಂದೆ ನಿಂತರು.

“ಬೊಗಸಿ ಒಡ್ಡು ತಂಗಿ,” ಅಂದರು.

ಅಕ್ಕ ಗಾಬರಿಯಾಗಿ ಹಿಂದೆ ಸರಿದಳು. ತನ್ನ ಕೈ ಸೆಗಣಿಯದು, ಇನ್ನೂ ತೊಳೆದಿಲ್ಲ, ಮಡಿ ಹೋಗುತ್ತದೆ ಎಂದಳು. ಅತ್ತೆ ತಪ್ಪಲೆ ಕೆಳಗಿಟ್ಟು, ಪಕ್ಕದಲ್ಲೇ ಇದ್ದ ಕೊಡದ ನೀರಿನಿಂದ ತಾವೇ ಅವಳ ಎರಡೂ ಕೈ ತೊಳೆದರು. ಆಮೇಲೆ ಅವಳ ಬೊಗಸೆಗೆ ತಮ್ಮದೊಂದು ಕೈ ಆನಿಸಿ ಹಿಡಿದು ಗಂಜಿ ಸುರಿದರು. ಕೆಂದಿ ಮೂಸಿ ನೋಡಿತು, ಒರಟು ನಾಲಿಗೆ ಚಾಚಿತು, ಬೊಗಸೆಯ ಗಂಜಿಯ ಜೊತೆಗೆ ಅತ್ತೆಯ ಬೆರಳುಗಳನ್ನೂ ನೆಕ್ಕಿತು. ತಪ್ಪಲೆ ಖಾಲಿಯಾಗುವ ತನಕ ಅವರು ಕೈ ಹಿಂದೆ ತೆಗೆಯಲಿಲ್ಲ.

ಮನೆಗೆ ಬಂದು ಬಚ್ಚಲಿಗೆ ಹೋಗುತ್ತಾರೆಂದು ನಾನು ಬಿಸಿನೀರು ತೋಡಲು ಹೊರಟೆ. ಅತ್ತೆ ಬಚ್ಚಲ ಕಡೆ ನೋಡಲೂ ಇಲ್ಲ. ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕುಳಿತು, ನನ್ನನ್ನೂ ಪಕ್ಕಕ್ಕೆ ಕರೆದರು.

“ಬಡಸು,” ಅಂದರು. “ಆಕಿ ಉಂಡಾಳ.”