ಬೂದು ಹಾಳೆಯ ಮೇಲಿನ ಕೈ

ದೆವ್ವ, ಗಾಳಿ, ಸೂಚನೆ ಇಂಥ ಮಾತು ಶುರುವಾದರೆ ಎದ್ದು ಹೋಗುತ್ತಿದ್ದವನು ನಾನು. ಪ್ರಿಂಟಿಂಗ್ ಮಷೀನ್ ರಿಪೇರಿ ಮಾಡಿ ಬದುಕುವವನಿಗೆ ಹಾಳೆಯ ಮೇಲಿನ ಯಾವ ಕಲೆಗೂ ಒಂದು ಕಾರಣ ಇದ್ದೇ ಇರುತ್ತದೆ. ಅದು ಸಿಗದಿದ್ದರೆ ನನ್ನ ದಡ್ಡತನ, ಅಷ್ಟೇ. ಈಗಲೂ ಹಾಗೇ ಹೇಳಬೇಕೆಂದು ಆಸೆ. ಆದರೆ ನಾಲ್ಕು ವರ್ಷದ ಹಿಂದಿನ ಒಂದು ಬೇಸಿಗೆಯ ದಿನ ನೆನಪಾದರೆ ಹಾಗೆ ಹೇಳಲು ಆಗುವುದಿಲ್ಲ.

ನನ್ನ ಕೆಲಸ ಏನೆಂದು ಮೊದಲು ಹೇಳುತ್ತೇನೆ. ಮನೆ ಬಳ್ಳಾರಿಯಲ್ಲಿ. ಸಿರುಗುಪ್ಪ, ಕುರುಗೋಡು ಕಡೆಯ ಝೆರಾಕ್ಸ್, ಡಿಜಿಟಲ್ ಪ್ರಿಂಟಿಂಗ್ ಅಂಗಡಿಗಳಿಗೆ ತಿಂಗಳಿಗೊಮ್ಮೆ ಬೈಕಿನಲ್ಲಿ ಹೋಗಿ ಮಷೀನ್ ನೋಡಿ ಬರುತ್ತೇನೆ. ಈ ಮಷೀನುಗಳ ಹೊಟ್ಟೆಯಲ್ಲಿ ಡ್ರಮ್ ಎಂಬ ನುಣುಪಾದ ಉರುಳೆ ಇರುತ್ತದೆ. ಅಕ್ಷರವಾಗಲಿ, ಫೋಟೋ ಆಗಲಿ ಮೊದಲು ಅದರ ಮೇಲೆ ಶಾಯಿಯ ಪುಡಿಯಲ್ಲಿ ಮೂಡಿ, ಆಮೇಲೆ ಕಾಗದಕ್ಕೆ ಇಳಿಯುತ್ತದೆ. ಪ್ರತಿ ಸಲವೂ ಚೂರು ಪುಡಿ, ಚೂರು ಕಾಗದದ ಧೂಳು ಉರುಳೆಯ ಮೇಲೇ ಉಳಿದು, ದಿನ ಕಳೆದಂತೆ ತೆಳ್ಳನೆಯ ಪೊರೆ ಕಟ್ಟುತ್ತದೆ. ಕಣ್ಣಿಗೆ ಅದು ಕಾಣುವುದಿಲ್ಲ. ಹಾಳೆ ತುಂಬ ತಿಳಿ ಬೂದು ಬಣ್ಣ ಹೊಡೆದು ನೋಡಿದರೆ, ಪೊರೆ ಇದ್ದಲ್ಲಿ ಮಾಸಲು ಕಲೆ ಬರುತ್ತದೆ.

ಇದನ್ನು ಕಲಿಸಿದವರು ಪಂಪಾಪತಣ್ಣ. ಬಳ್ಳಾರಿಯ ಒಂದು ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಮಷೀನ್ ಓಡಿಸಿದವರು. ಅವರ ಬಲಗೈಯ ಒಂದು ಬೆರಳಿನ ತುದಿ ರೋಲರಿಗೆ ಸಿಕ್ಕು ಹೋಗಿತ್ತು. ಆ ಮೊಂಡು ಬೆರಳಿನಿಂದಲೇ ಹಾಳೆ ಸವರಿ, "ಮಷೀನ್ ಏನ್ ಅಂತೈತಿ ಅಂತ ಕೇಳಬ್ಯಾಡ ತಮ್ಮಾ, ಹಾಳಿ ನೋಡು" ಅನ್ನುತ್ತಿದ್ದರು. ಕೆಲಸ ಬಿಟ್ಟ ಮೇಲೆ ಮನೆ ಹತ್ತಿರವೇ ಒಂದು ಶೆಡ್ಡಿನಲ್ಲಿ ಹಳೇ ಮಷೀನ್ ಇಟ್ಟುಕೊಂಡು ಮದುವೆ ಕಾರ್ಡು ಹೊಡೆಯುತ್ತಿದ್ದರು.

ಆ ದಿನ ಹತ್ತು ಗಂಟೆಗೆ ಸಿರುಗುಪ್ಪದ ಶಾರದಮ್ಮನವರ ಅಂಗಡಿಗೆ ಹೋದೆ. ಗಂಡ ತೀರಿಕೊಂಡ ಮೇಲೆ ಒಬ್ಬರೇ ಅಂಗಡಿ ನಡೆಸುವ ಗಟ್ಟಿ ಹೆಂಗಸು. ಬೂದು ಹಾಳೆ ತೆಗೆದೆ. ನಡುವೆ ಒಂದು ಮಸುಕು ಕಲೆ. ಡ್ರಮ್ ಬಿಚ್ಚಿ ಒರೆಸಿ ಮತ್ತೆ ತೆಗೆದೆ. ಕಲೆ ಹೋಗಲಿಲ್ಲ, ಇನ್ನೂ ಸ್ಪಷ್ಟವಾಯಿತು. ಶಾರದಮ್ಮ ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು.

"ಯಾರೋ ಒಳಗಿಂದ ಅಂಗೈ ಒತ್ತಿದಂಗ ಐತಲ್ರಿ," ಅಂದರು.

ನಿಜಕ್ಕೂ ಅಂಗೈಯಂತೆಯೇ ಇತ್ತು. ನನ್ನ ಕೈಯ ಜಿಡ್ಡೇ ತಾಗಿರಬೇಕು ಎಂದುಕೊಂಡೆ. ಚೀಲದಲ್ಲಿ ಸೀಲ್ ಒಡೆಯದ ಹೊಸ ಡ್ರಮ್ ಇತ್ತು. ಕೈ ತೊಳೆದು, ಹೊಸ ಬಟ್ಟೆಯಲ್ಲಿ ಅಂಚು ಹಿಡಿದು ಕೂರಿಸಿದೆ. ಮೊದಲ ಹಾಳೆಯಲ್ಲೇ ಅದೇ ಕೈ, ಅದೇ ಜಾಗದಲ್ಲಿ. ಶಾರದಮ್ಮ ಎರಡು ಹೆಜ್ಜೆ ಹಿಂದೆ ಸರಿದರು. ಡ್ರಮ್ಮಿನಿಂದ ಚಿತ್ರವನ್ನು ಕಾಗದಕ್ಕೆ ಒಯ್ಯುವ ಬೆಲ್ಟಿನ ತೊಂದರೆ ಇರಬಹುದು, ನಾಡಿದ್ದು ಬೇರೆ ತರುತ್ತೇನೆ ಎಂದು ಹೇಳಿ, ಹಾಳೆಗಳನ್ನು ಚೀಲಕ್ಕೆ ತುಂಬಿ ಹೊರಟೆ. ಅವರು ಮಷೀನಿನ ಸ್ವಿಚ್ ಆರಿಸಿದ್ದು ಬೆನ್ನ ಹಿಂದೆ ಕೇಳಿಸಿತು.

ಸಿರಿಗೇರಿ ಮಾರ್ಗವಾಗಿ ಕುರುಗೋಡಿಗೆ ಬರುವಾಗ ಬಿಸಿಲು ಸುಡುತ್ತಿತ್ತು. ಬೆಲ್ಟು, ಬೆಲ್ಟು ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಕುರುಗೋಡಿನ ಅಂಗಡಿಯ ಮಷೀನ್ ಬೇರೆ ಕಂಪನಿಯದು. ಅದರ ಬಾಗಿಲನ್ನು ನಾನು ತೆರೆಯಲೂ ಇಲ್ಲ. ಮಾಲೀಕನಿಗೇ ಹೇಳಿ ಬೂದು ಹಾಳೆ ತೆಗೆಸಿದೆ. ಹಾಳೆ ಇಂಚಿಂಚಾಗಿ ಹೊರಬಂತು. ಮೊದಲು ಬೆರಳ ತುದಿಗಳು, ಆಮೇಲೆ ಬೆರಳು, ಆಮೇಲೆ ಅಂಗೈ. ಈ ಸಲ ಗೆರೆಗಳೂ ಕಾಣುವಷ್ಟು ಸ್ಪಷ್ಟ. ಒಂದು ಬೆರಳು ಮೊಂಡಾಗಿತ್ತು.

ಆ ಮೊಂಡು ಬೆರಳು ಯಾರದೆಂದು ಯೋಚಿಸಬೇಕಾಗಿರಲಿಲ್ಲ. ಪಂಪಾಪತಣ್ಣನಿಗೆ ಫೋನ್ ಮಾಡಿದೆ. ರಿಂಗಾಗಿ ನಿಂತಿತು. ಮತ್ತೆ ಮಾಡಿದೆ, ಮತ್ತೆ. ಅಂಗಡಿಯವನು ನೀರು ಕೊಟ್ಟು "ಯಾಕ್ ಸಾರ್, ಏನಾತು?" ಅಂದ. ಹಾಳೆಯನ್ನು ಚೀಲಕ್ಕೆ ತುರುಕಿ ಗಾಡಿ ಹತ್ತಿದೆ. ಬಳ್ಳಾರಿಗೆ ಹೇಗೆ ಬಂದೆನೋ, ದಾರಿಯ ಒಂದು ತಿರುವೂ ನೆನಪಿಲ್ಲ.

ಮನೆಗೆ ಬೀಗ. ಅವರ ಹೆಂಡತಿ ಕರೂರಿನ ತಂಗಿಯ ಮನೆಗೆ ಹೋಗಿದ್ದಾರೆಂದು ಪಕ್ಕದವರು ಹೇಳಿದರು. ಶೆಡ್ಡಿಗೆ ಓಡಿದೆ. ಶಟರ್ ನೆಲದವರೆಗೆ ಇಳಿದಿತ್ತು, ಆದರೆ ಹೊರಗೆ ಬೀಗ ಇರಲಿಲ್ಲ. ಎದುರಿನ ಟೀ ಅಂಗಡಿಯವರನ್ನು ಕರೆದು ಇಬ್ಬರೂ ಸೇರಿ ಎತ್ತಿದೆವು. ಪಂಪಾಪತಣ್ಣ ಮಷೀನಿನ ಬುಡದಲ್ಲಿ ಬಲ ಮಗ್ಗುಲಾಗಿ ಬಿದ್ದಿದ್ದರು. ಕಣ್ಣು ತೆರೆದೇ ಇತ್ತು, ಬಾಯಿ ಸೊಟ್ಟಗಾಗಿತ್ತು. ಬಲಗೈ ಮೈ ಕೆಳಗೆ ಸಿಕ್ಕಿಕೊಂಡಿತ್ತು. ಲಕ್ವಾ ಹೊಡೆದಿದೆ, ಬೆಳಿಗ್ಗೆಯೇ ಬಿದ್ದಿರಬೇಕು, ಸಂಜೆಯವರೆಗೆ ಬಿಟ್ಟಿದ್ದರೆ ಉಳಿಯುತ್ತಿರಲಿಲ್ಲ ಎಂದರು ಆಸ್ಪತ್ರೆಯಲ್ಲಿ.

ಅವರು ಉಳಿದರು. ಅಕ್ಕ, ಅಂದರೆ ಅವರ ಹೆಂಡತಿ, ನನ್ನ ಎರಡೂ ಕೈ ಹಿಡಿದುಕೊಂಡು "ನಿನಗ ಯಾರ್ ಹೇಳಿದ್ರಪಾ?" ಎಂದು ಅತ್ತರು. ಸುಮ್ಮನೆ ಬಂದೆ ಅಂದೆ. ಮನಸ್ಸಿನಲ್ಲಿ ಮಾತ್ರ, ಅಣ್ಣ ಹೇಗೋ ನನ್ನನ್ನು ಕರೆದರು ಎಂದು ನಂಬಿದ್ದೆ. ಆ ನಂಬಿಕೆಯಲ್ಲಿ ಭಯದ ಜೊತೆ ಒಂದು ಸಮಾಧಾನವೂ ಇತ್ತು.

ಎರಡು ತಿಂಗಳಿಗೆ ಅವರಿಗೆ ಮಾತು ಬಂತು. ಒಂದು ಮಧ್ಯಾಹ್ನ ಅಕ್ಕ ಒಳಗಿದ್ದಾಗ ನಡೆದದ್ದನ್ನೆಲ್ಲ ಹೇಳಿ, ಕುರುಗೋಡಿನ ಹಾಳೆಯನ್ನು ಅವರ ತೊಡೆಯ ಮೇಲಿಟ್ಟೆ. ಅವರು ಅದರ ಗೆರೆಗಳನ್ನು ನೋಡಿದರು. ಆಮೇಲೆ ಎಡಗೈಯಿಂದ ತಮ್ಮ ಬಲಗೈಯನ್ನು ಎತ್ತಿ ಆ ಗುರುತಿನ ಮೇಲೆ ಇಟ್ಟರು.

"ಇದು ನನ್ನ ಕೈ ಅಲ್ಲಪಾ," ಅಂದರು.

ಬಗ್ಗಿ ನೋಡಿದೆ. ಅವರ ಮೊಂಡು ಬೆರಳು ಉಂಗುರದ ಬೆರಳು. ಹಾಳೆಯಲ್ಲಿ ತುದಿ ಇಲ್ಲದ್ದು ನಡುಬೆರಳು. ಅಂಗೈ ಕೂಡ ಅವರದಕ್ಕಿಂತ ಚಿಕ್ಕದು, ಬೆರಳುಗಳು ತೆಳ್ಳಗೆ. ಗಾಬರಿಯಲ್ಲಿ ನಾನು ಬೆರಳು ಎಣಿಸಿಯೇ ಇರಲಿಲ್ಲ.

"ಮತ್ತ ಯಾರದಣ್ಣಾ?"

ಅವರು ಎಡಗೈಯಿಂದ ಹಾಳೆಯನ್ನು ನನ್ನ ಕಡೆ ತಳ್ಳಿದರು. ಮುಖದಲ್ಲಿ ರಕ್ತವೇ ಇರಲಿಲ್ಲ. ಮತ್ತೆ ಕೇಳಿದಾಗ, "ಇದನ್ನ ನಿಮ್ಮಕ್ಕನ ಮುಂದ ತೋರಿಸಬ್ಯಾಡ. ಮನಿಯಾಗೂ ಇಟ್ಕಬ್ಯಾಡ," ಎಂದು ಗೋಡೆ ಕಡೆ ಮುಖ ತಿರುಗಿಸಿದರು. ಅವರು ಅಳುತ್ತಿದ್ದರು ಅನಿಸುತ್ತದೆ.

ಹಾಳೆಗಳನ್ನು ಅಂದು ಸಂಜೆಯೇ ಸುಟ್ಟೆ. ಆಮೇಲೆ ಯಾವ ಮಷೀನಿನಲ್ಲೂ ಆ ಗುರುತು ಬಂದಿಲ್ಲ. ಶಾರದಮ್ಮನವರ ಮಷೀನ್ ಅದೇ ಹಳೇ ಬೆಲ್ಟಿನಲ್ಲಿ ಚೆನ್ನಾಗಿಯೇ ಓಡುತ್ತಿದೆ. ಪಂಪಾಪತಣ್ಣ ಈಗ ಕೋಲು ಹಿಡಿದು ಓಡಾಡುತ್ತಾರೆ, ಹೋದಾಗಲೆಲ್ಲ ಚಹಾ ಕುಡಿಸುತ್ತಾರೆ, ಹಳೇ ಪ್ರೆಸ್ಸಿನ ಕಥೆಗಳನ್ನೆಲ್ಲ ಹೇಳುತ್ತಾರೆ, ಆ ಕೈಯ ಮಾತೊಂದನ್ನು ಬಿಟ್ಟು. ಆ ಕೈ ಯಾರದೆಂದು ಅವರಿಗೆ ಗೊತ್ತಿದೆ, ಅಷ್ಟು ಮಾತ್ರ ನನಗೆ ಗೊತ್ತು. ಅವರನ್ನು ಉಳಿಸಬೇಕೆಂದು ಆ ಕೈ ನನ್ನನ್ನು ಓಡಿಸಿತೋ, ಅಥವಾ ಅವರನ್ನು ಬೀಳಿಸಿದ್ದೇ ಆ ಕೈಯೋ, ಅದು ಮಾತ್ರ ತಿಳಿಯದು. ಎರಡನೆಯದನ್ನು ಯೋಚಿಸಿದ ದಿನ ನನಗೆ ನಿದ್ದೆ ಬರುವುದಿಲ್ಲ.