ಭಾವನ ಉಸಿರಿಗೆ ಬೀಳುವವರು

ಬೆಳಗಿನ ಐದೂಮುಕ್ಕಾಲು. ಸ್ಟುಡಿಯೋದ ಹಿಂದಿನ ಅಂಗಳದಲ್ಲಿ, ಹಳೆಯ ಸೆಟ್ಟಿನ ಹಲಗೆಗಳನ್ನು ಪೇರಿಸಿಟ್ಟ ಗೋಡೆಯ ಪಕ್ಕ, ಐವತ್ತೆಂಟು ವರ್ಷದ ಒಬ್ಬರು ಸಾಯುತ್ತಿದ್ದಾರೆ. ಎದುರಿಗೆ ಯಾರೂ ಇಲ್ಲ. ಬಿದಿರಿನ ಕತ್ತಿ ಎತ್ತುತ್ತಾರೆ, ಕಾಯುತ್ತಾರೆ, ಏಟು ಬಿದ್ದಂತೆ ಭುಜವನ್ನು ಒಳಕ್ಕೆ ಎಳೆದುಕೊಂಡು ಮೊಣಕಾಲೂರಿ ಪಕ್ಕಕ್ಕೆ ಒರಗುತ್ತಾರೆ. ಎದ್ದು ಮಣ್ಣು ಕೊಡವಿ ಮತ್ತೆ ನಿಲ್ಲುತ್ತಾರೆ. ದಿನಕ್ಕೆ ನಲವತ್ತು ಸಲ. ಎದುರಿಗೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗವನ್ನು ಮಾತ್ರ ಅಪ್ಪಿತಪ್ಪಿಯೂ ತುಳಿಯುವುದಿಲ್ಲ.

"ಅದು ನಮ್ಮ ಭಾವನ ಜಾಗ. ಅಭ್ಯಾಸ, ಏನ್ಮಾಡೋದು."

ಸ್ಟುಡಿಯೋದಲ್ಲಿ ಇವರಿಗೆ ಬೀಳಣ್ಣ ಎಂದೇ ಹೆಸರು. ಗೇಟಿನ ಕಾವಲುಗಾರನಿಗೆ ಬೇರೆ ಹೆಸರು ಗೊತ್ತಿಲ್ಲ. ಟೀವಿಯ ಸಮುರಾಯ್ ಧಾರಾವಾಹಿಗಳಲ್ಲಿ ನಾಯಕನ ಕತ್ತಿಗೆ ಸಿಕ್ಕಿ ಬೀಳುವುದು ಇವರ ಕೆಲಸ. ಮೂವತ್ತೊಂದು ವರ್ಷವಾಯಿತು. ಚಿತ್ರೀಕರಣ ಇದ್ದ ದಿನ ಆರರಿಂದ ಹನ್ನೊಂದು ಸಾವು. ಮೀಸೆ ಬದಲಿಸಿಕೊಂಡು ಒಂದೇ ಕಂತಿನಲ್ಲಿ ಮೂರು ಸಲ ಸತ್ತದ್ದೂ ಇದೆ. ಮುಖ ಯಾರಿಗೂ ನೆನಪಿರುವುದಿಲ್ಲ, ನೆನಪಿರಲೂ ಬಾರದು. ಮೊದಲ ದೃಶ್ಯದಲ್ಲಿ ಸತ್ತವನು ಕೊನೆಯ ದೃಶ್ಯದಲ್ಲಿ ಮತ್ತೆ ಕತ್ತಿ ಹಿಡಿದು ಬಂದದ್ದು ಗೊತ್ತಾದರೆ ಕೆಲಸ ಹೋಗುತ್ತದೆ.

ಇವರನ್ನು ಇಪ್ಪತ್ತಾರು ವರ್ಷ ಕೊಂದವರು ಹೆಂಡತಿಯ ಅಣ್ಣ, ಆ ಭಾವ. ನಾಯಕ ನಟರು ಯಾರೇ ಬಂದರೂ, ಬೆನ್ನ ಹಿಂದಿನಿಂದ ತೆಗೆಯುವಾಗ ನಾಯಕನ ವಿಗ್ ಹಾಕಿಕೊಂಡು ಕತ್ತಿ ಬೀಸುತ್ತಿದ್ದವರು ಅವರೇ. ನಂಟಸ್ತನವೂ ಕತ್ತಿಯಿಂದಲೇ ಬೆಳೆದದ್ದು. ಮೊದಲನೆಯ ವರ್ಷ ಒಂದು ಏಟು ನಿಜವಾಗಿಯೇ ಬಿದ್ದು ಹೆಗಲು ಊದಿಕೊಂಡಿತು. ಹೊಡೆದವರು ಮನೆಗೆ ಕರೆದುಕೊಂಡು ಹೋದರು.

"ಹೊಡೆದೋನು ನಾನು, ಪಟ್ಟಿ ಕಟ್ಟಿದೋಳು ಇವಳು," ಎಂದು ಭಾವ ನನಗೆ ತಂಗಿಯನ್ನು ತೋರಿಸುತ್ತಾರೆ. "ಹೆಗಲು ವಾಸಿಯಾಯ್ತು. ಇವನು ಮಾತ್ರ ಮನೆ ಬಿಟ್ಟು ಹೋಗಲಿಲ್ಲ."

"ನಿಮ್ಮ ಕತ್ತಿಗಿಂತ ನಿಮ್ಮ ತಂಗಿ ಬಾಯಿ ಹರಿತ ಅಂತ ಆಮೇಲೆ ಗೊತ್ತಾಯ್ತು ಭಾವ."

"ರೀ, ಪೇಪರಿಗೆ ಹೋಗುತ್ತೆ, ಬಾಯ್ಮುಚ್ಕೊಳ್ಳಿ," ಅನ್ನುತ್ತಾರೆ ಹೆಂಡತಿ. ಉಡುಪಿನ ವಿಭಾಗದಲ್ಲಿ ಹೊಲಿಗೆ ಅವರದು. ಗಂಡ ಎಷ್ಟು ಸಲ ಸತ್ತರೆಂದು ತೇಪೆ ಹಾಕಿದ ಮೊಣಕಾಲುಗಳಲ್ಲಿ ಲೆಕ್ಕ ಇಟ್ಟಿದ್ದಾರೆ.

ಐದು ವರ್ಷದ ಹಿಂದೆ ಭಾವನ ಬಲಗೈ ನಡುಗಲು ಶುರುವಾಯಿತು. ಈಗ ಅವರು ಆಯುಧದ ಕೋಣೆಯಲ್ಲಿ ಕೂತು ಬಿದಿರಿನ ಅಲಗುಗಳಿಗೆ ಬೆಳ್ಳಿ ಕಾಗದ ಅಂಟಿಸುತ್ತಾರೆ. ಕಾಗದ ಸುಕ್ಕಾಗುತ್ತದೆ. ಬೀಳಣ್ಣ ಯಾರೂ ನೋಡದಾಗ ಅದನ್ನು ಕಿತ್ತು ಮತ್ತೆ ಅಂಟಿಸುತ್ತಾರೆ.

ಭಾವ ಎಂಟು ವರ್ಷ ಗುರುವೊಬ್ಬರ ಬಳಿ ನಿಜವಾದ ಕತ್ತಿ ಕಲಿತವರು. ಪರದೆಯ ಕಾಳಗ ಅವರಿಗೆ ಎಂದೂ ಒಗ್ಗಲಿಲ್ಲ. ಅಲಗಿಗೆ ಅಲಗು ಬಡಿದು ಕಿಡಿ ಹಾರಿಸುತ್ತಾರೆ, ನಿಜದಲ್ಲಿ ಹಾಗೆ ಬಡಿದರೆ ಕತ್ತಿಯ ಬಾಯಿ ಮುಕ್ಕಾಗುತ್ತದೆ. ಹತ್ತು ಜನ ಸುತ್ತುವರಿದು ಒಬ್ಬೊಬ್ಬರಾಗಿ ಮುಂದೆ ಬರುತ್ತಾರೆ. "ಟಿಕೆಟ್ಟಿಗೆ ಸಾಲು ನಿಂತಂಗೆ. ಹತ್ತು ಜನ ಒಟ್ಟಿಗೆ ಬಿದ್ರೆ ನಾಯಕನ ಕತೆ ಎರಡನೇ ಕಂತಿಗೇ ಮುಗೀತಿತ್ತು," ಅನ್ನುತ್ತಾರೆ ಬೀಳಣ್ಣ. ಬುಗುರಿಯ ಹಾಗೆ ತಿರುಗುವುದಂತೂ ಭಾವನಿಗೆ ನೋಡಲೇ ಆಗದು. "ಬೆನ್ನು ತೋರಿಸಿದವನು ಸತ್ತಂಗೇ. ನಿಜವಾದ ಕಾಳಗದಲ್ಲಿ ನೋಡೋಕೆ ಏನೂ ಇರಲ್ಲ. ಇಬ್ಬರೂ ನಿಂತೇ ಇರ್ತಾರೆ. ಒಂದು ಏಟು. ಮುಗೀತು."

ಬೀಳುವುದರಲ್ಲೂ ಹಾಗೆಯೇ. ಕೈ ಚೆಲ್ಲಿ, ಹಿಂದಕ್ಕೆ ಹಾರಿ ಬೀಳಬೇಕು ಎಂದು ನಿರ್ದೇಶಕರು ಕೇಳುತ್ತಾರೆ. ಬೀಳಣ್ಣ ಒಮ್ಮೆ ಬಸ್ ನಿಲ್ದಾಣದಲ್ಲಿ ಒಬ್ಬರಿಗೆ ಎದೆ ಹಿಡಿದುಕೊಂಡದ್ದನ್ನು ಕಂಡಿದ್ದರು. "ಆ ಮನುಷ್ಯ ಕಿರುಚಲಿಲ್ಲ, ಕೈ ಚೆಲ್ಲಲಿಲ್ಲ. ಕೂರೋಕೆ ಜಾಗ ಹುಡುಕಿದ. ಅಷ್ಟೇ."

ಆದರೆ ಭಾವನಲ್ಲೂ ಒಂದು ಐಬು ಇತ್ತು. ಹೊಡೆಯುವ ಮೊದಲು ಮೂಗಿನಿಂದ ಸಣ್ಣಗೆ ಉಸಿರು ಬಿಡುತ್ತಿದ್ದರು. "ನಿಜವಾದ ಕಾಳಗಕ್ಕೆ ಹೋದರೆ ನೀನು ಮೊದಲನೇ ದಿನವೇ ಸಾಯ್ತೀಯ" ಎಂದು ಗುರುಗಳು ಬೈದದ್ದುಂಟು. ಎಷ್ಟು ತಿದ್ದಿದರೂ ಹೋಗಲಿಲ್ಲ. ಆ ಉಸಿರು ಕೇಳಿದ ಕೂಡಲೇ ಬೀಳಣ್ಣ ಮೈ ಬಿಡುತ್ತಿದ್ದರು. ಮೊದಲನೆಯ ವರ್ಷದ ಆ ಹೆಗಲಿನ ಏಟಿನ ನಂತರ ಇಪ್ಪತ್ತೈದು ವರ್ಷ ಒಂದು ತರಚು ಗಾಯವೂ ಇಲ್ಲ.

ಇದೇ ಶನಿವಾರ ಧಾರಾವಾಹಿ ಮುಗಿಯುತ್ತದೆ. ಸಮುರಾಯ್ ಕತೆಗಳಿಗೆ ಈಗ ನೋಡುವವರಿಲ್ಲವೆಂದು ಸ್ಟುಡಿಯೋ ಬೇರೆಯದಕ್ಕೆ ಕೈಹಾಕಲಿದೆ. ಉಳಿದಿರುವುದು ಒಂದು ಸಾವು, ನಾಯಕನ ಕೈಯಲ್ಲಿ ಮುದಿ ಕತ್ತಿಗಾರನದು. ಅದು ಬೀಳಣ್ಣನವರ ಪಾಲಿಗೆ ಬಂದಿದೆ. ಅವರು ನಿರ್ದೇಶಕಿಯ ಬಳಿ ಹೋಗಿ ಕೇಳಿಕೊಂಡರು. ಹೊಡೆಯುವುದು ಭಾವನ ಕೈ ಆಗಿರಲಿ. ಸುತ್ತು ಬೇಡ, ಕಿಡಿ ಬೇಡ, ಒಂದೇ ಏಟು. ಇಬ್ಬರೂ ಇಪ್ಪತ್ತಾರು ವರ್ಷ ಊಟದ ಬಿಡುವಿನಲ್ಲಿ ಮಾತಾಡಿಕೊಂಡ ಕಾಳಗ.

ನಿರ್ದೇಶಕಿ ಒಪ್ಪಲಿಲ್ಲ. ನಡುಗುವ ಕೈಗೆ ಕತ್ತಿ ಕೊಟ್ಟರೆ ವಿಮೆಯವರು ಬಿಡುವುದಿಲ್ಲ. ಮೇಲಾಗಿ ನಾಯಕ ನಟ ತಿಂಗಳಿಂದ ಏಳು ಸುತ್ತು ತಿರುಗುವುದನ್ನು ಅಭ್ಯಾಸ ಮಾಡಿದ್ದಾನೆ.

ಚಿತ್ರೀಕರಣದ ದಿನ ಭಾವ ದೀಪದ ಹಿಂದೆ ಮಡಚುವ ಕುರ್ಚಿಯಲ್ಲಿ ಕೂತಿದ್ದಾರೆ. ಬಲಗೈಯನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡಿದ್ದಾರೆ. ನಾಯಕ ನಟ ಏಳು ಸುತ್ತು ತಿರುಗಿ, ನಿಂತು, ಕತ್ತಿ ಎತ್ತುತ್ತಾನೆ. ಬೀಳಣ್ಣ ಬೀಳುತ್ತಾರೆ. ಕತ್ತಿ ಇನ್ನೂ ಮೇಲೆಯೇ ಇದೆ.

"ಅಂಕಲ್, ನಾನಿನ್ನೂ ಹೊಡೆದೇ ಇಲ್ಲ."

ಎಲ್ಲರೂ ನಗುತ್ತಾರೆ. ಎರಡನೆಯ ಟೇಕ್‌ನಲ್ಲೂ ಅದೇ. ಮೂವತ್ತೊಂದು ವರ್ಷದಲ್ಲಿ ಬೇಗ ಬಿದ್ದ ದಾಖಲೆ ಇಲ್ಲ. ಮೂರನೆಯ ಸಲ ಯಾರೂ ನಗುವುದಿಲ್ಲ. ನಿರ್ದೇಶಕಿ ಹೆಡ್‌ಫೋನ್ ತೆಗೆದು ಹಿಂದಕ್ಕೆ ತಿರುಗುತ್ತಾರೆ. ಅವರಿಗೂ ಕೇಳಿಸಿದೆ. ಕತ್ತಿ ಮೇಲೆದ್ದಾಗಲೆಲ್ಲ, ಕುರ್ಚಿಯಲ್ಲಿ ಕೂತ ಭಾವ ತಮಗೇ ತಿಳಿಯದೆ ಮೂಗಿನಿಂದ ಉಸಿರು ಬಿಡುತ್ತಿದ್ದಾರೆ.

ಭಾವ ಎದ್ದು ನಿಲ್ಲುತ್ತಾರೆ. "ತಪ್ಪಾಯ್ತು ಮೇಡಂ. ಆಚೆ ಕೂತ್ಕೋತೀನಿ."

"ಕೂತ್ಕೊಳ್ಳಿ ಭಾವ," ಅನ್ನುತ್ತಾರೆ ಬೀಳಣ್ಣ, ನೆಲದಿಂದಲೇ. "ನೀವು ಹೋದ್ರೆ ನಾನು ಯಾವಾಗ ಬೀಳ್ಲಿ?"

ನಿರ್ದೇಶಕಿ ನಾಯಕ ನಟನನ್ನು ಕೇಳುತ್ತಾರೆ. "ಆ ಉಸಿರು ನಿನಗೆ ಕೇಳಿಸುತ್ತಾ?"

"ತಿರುಗುವಾಗ ಇಲ್ಲ ಮೇಡಂ. ಕಿವಿಯೊಳಗೆ ಬರೀ ಗಾಳಿ."

"ಹಾಗಾದ್ರೆ ತಿರುಗಬೇಡ. ನಿಂತ್ಕೋ. ಕೇಳಿದ ಕೂಡಲೇ ಹೊಡಿ. ನಿನ್ನ ಸುತ್ತುಗಳನ್ನು ಬೇರೆ ತೆಗೆಯೋಣ. ಬೇಕಾದ್ರೆ ಏಟಿಗೆ ಮುಂಚೆ ಅಂಟಿಸ್ತೀನಿ."

ನಾಲ್ಕನೆಯ ಟೇಕ್. ಇಬ್ಬರೂ ನಿಂತಿದ್ದಾರೆ. ನಾಯಕ ನಟನ ಕಣ್ಣಲ್ಲಿ ಮೊದಲ ಬಾರಿಗೆ ಹೆದರಿಕೆ ಕಾಣುತ್ತದೆ, ಏಕೆಂದರೆ ಅವನು ಕಾಯುತ್ತಿದ್ದಾನೆ. ಎಷ್ಟು ಹೊತ್ತೋ. ದೀಪ ಬಿಸಿಯಾಗಿ ತಗಡು ಚಟ್ ಎನ್ನುತ್ತದೆ. ಆಮೇಲೆ ದೀಪದ ಹಿಂದಿನಿಂದ ಆ ಸಣ್ಣ ಉಸಿರು. ಕತ್ತಿ ಇಳಿಯುತ್ತದೆ. ಬೀಳಣ್ಣ ಭುಜವನ್ನು ಒಳಕ್ಕೆ ಎಳೆದುಕೊಳ್ಳುತ್ತಾರೆ, ಅತ್ತಿತ್ತ ನೋಡುತ್ತಾರೆ, ಕೂರಲು ಜಾಗ ಹುಡುಕುತ್ತಾರೆ.

ಕಟ್ ಅನ್ನುತ್ತಾರೆ ನಿರ್ದೇಶಕಿ. ಆಮೇಲೆ ಹೆಂಡತಿ ಬಂದು ಮೊಣಕಾಲಿನ ಬಟ್ಟೆ ಮುಟ್ಟಿ ನೋಡಿ, "ಹರಿದಿಲ್ಲ, ಏಳಿ," ಅನ್ನುತ್ತಾರೆ. ಸತ್ತವರು ಎದ್ದು, ಮುಖ ತೊಳೆದುಕೊಂಡು, ಹೆಂಡತಿಯ ಜೊತೆ ಮನೆಗೆ ಹೊರಡುವುದನ್ನು ನೋಡುತ್ತ ನಾನು ಗೇಟಿನವರೆಗೆ ಹೋಗುತ್ತೇನೆ. ಹಿಂದೆ ಭಾವ ನಿಧಾನ ಬರುತ್ತಿದ್ದಾರೆ. ಈಗ ಕೈಯನ್ನು ಅಡಗಿಸಿಕೊಂಡಿಲ್ಲ. ಅದು ನಡುಗುತ್ತಲೇ ಇದೆ.

ಏಳು ಸುತ್ತು ಉಳಿಯುತ್ತವೋ ಹೋಗುತ್ತವೋ, ಇದನ್ನು ಬರೆಯುವ ಹೊತ್ತಿಗೆ ಗೊತ್ತಾಗಿಲ್ಲ. ಮುಂದಿನ ವಾರದಿಂದ ಬೀಳಲು ಎಲ್ಲೂ ಕರೆ ಇಲ್ಲ. ಆದರೂ ಬೆಳಗಿನ ಐದೂಮುಕ್ಕಾಲಿಗೆ ಅವರು ಅಂಗಳದಲ್ಲಿರುತ್ತಾರೆ. ಶನಿವಾರ ಟೀವಿ ನೋಡಿ ಎಂದು ಹೇಳುವಾಗ ಮಾತ್ರ ಸ್ವಲ್ಪ ನಾಚಿಕೊಳ್ಳುತ್ತಾರೆ.

"ಏಟಿಗೆ ಮುಂಚೆ ಏನು ಬೇಕಾದ್ರೂ ಅಂಟಿಸ್ಕೊಳ್ಳಲಿ. ನನ್ನ ಮುಖ ಹುಡುಕಬೇಡಿ, ಅದು ಹೇಗೂ ನೆನಪಿರಲ್ಲ. ಏಟು ಯಾವಾಗ ಬಂತು ಅಂತ ನೋಡಿ. ಅದು ನಮ್ಮ ಭಾವಂದು."